ಪಥ್ಯ ಯಾರಿಗೆ?



ಮೈ ತುಂಬಿಕೊಂಡ ಮಗುವನ್ನು ಕಂಡರೆ ನಮಗೆ ಹಿಂದಿನಿಂದಲೂ ಸಂತೋಷ. ಗುಂಡುಗುಂಡಾಗಿದೆಯೆಂದು ಎತ್ತಿ ಮುದ್ದಾಡುತ್ತೇವೆ. ದೃಷ್ಟಿ ತಾಗೀತೆಂದು ಕೆನ್ನೆಗೆ ಕಪ್ಪು ಬೊಟ್ಟನ್ನಿಡುತ್ತೇವೆ. ಬರಗಾಲಗಳನ್ನು ಕಂಡ ನಾಡಿನಲ್ಲಿ ಇದು ಸಹಜವೇ. ಆದರೆ ಅದೇ ಮಗು ಶಾಲೆಗೆ ಸೇರುವ ಹೊತ್ತಿಗೆ ‘ಡುಮ್ಮ’ನೆಂಬ ಹೆಸರು ಹೊತ್ತು, ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡತೊಡಗಿದರೆ ಮನೆಯವರು ಗಾಬರಿಯಾಗುತ್ತಾರೆ. ಮಕ್ಕಳ ವೈದ್ಯನಾದ ನಾನು ಅವರ ಬಾಯಿಂದ ಕೇಳುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: “ಇವನಿಗೆ ಏನು ಪಥ್ಯ ಹೇಳ್ತೀರಿ, ಡಾಕ್ಟ್ರೇ?”

ಈ ಪ್ರಶ್ನೆಯೊಳಗಿನ ‘ಇವನಿಗೆ’ ಎಂಬ ಪದವನ್ನು ಕುರಿತೇ ನನ್ನ ಇಂದಿನ ಮಾತು. ಐದಾರು ವರ್ಷದ ಮಗು ಅಂಗಡಿಯಿಂದ ಸಾಮಾನು ತರುವುದಿಲ್ಲ. ಬಾಣಲೆಯನ್ನು ಒಲೆಯ ಮೇಲಿಡುವುದಿಲ್ಲ. ರಾತ್ರಿಯೂಟ ಎಷ್ಟು ಗಂಟೆಗೆಂದು ಗೊತ್ತುಮಾಡುವುದೂ ಇಲ್ಲ. ಇವೆಲ್ಲವೂ ಹಿರಿಯರ ಕೈಯಲ್ಲಿದ್ದು, ಶಿಕ್ಷೆ ಮಾತ್ರ ಕಿರಿಯರ ಪಾಲಿಗೆ ಬರುವುದು ಯಾವ ನ್ಯಾಯ?

ಇದು ಬರಿಯ ಕನಿಕರದ ಮಾತಲ್ಲ. ಅಮೆರಿಕೆಯ ಪಿಟ್ಸ್‌ಬರ್ಗ್ ನಗರದಲ್ಲಿ ಲಿಯೊನಾರ್ಡ್ ಎಪ್‌ಸ್ಟೀನ್ ಎಂಬ ಮನೋವಿಜ್ಞಾನಿ ತನ್ನ ಸಂಗಡಿಗರೊಡನೆ ಇದನ್ನು ಪರೀಕ್ಷಿಸಿ ನೋಡಿದರು. ಆರರಿಂದ ಹನ್ನೆರಡು ವರ್ಷದ ಮಕ್ಕಳಿದ್ದ ಕುಟುಂಬಗಳನ್ನು ಮೂರು ಗುಂಪು ಮಾಡಿದರು. ಆಹಾರ, ವ್ಯಾಯಾಮ, ನಡವಳಿಕೆಗಳ ತಿಳಿವಳಿಕೆಯನ್ನು ಮೂರು ಗುಂಪಿಗೂ ಸಮಾನವಾಗಿಯೇ ಕೊಟ್ಟರು. ತಿನಿಸುಗಳಿಗೆ ರಸ್ತೆಯ ದೀಪಗಳಂತೆ ಬಣ್ಣದ ಗುರುತು: ಹಸಿರಿನದನ್ನು ಧಾರಾಳವಾಗಿ ತಿನ್ನಬಹುದು, ಹಳದಿಯದನ್ನು ಹಿತಮಿತವಾಗಿ, ಕೆಂಪಿನದು ಅಪರೂಪಕ್ಕೆ. ವ್ಯತ್ಯಾಸವಿದ್ದದ್ದು ಒಂದರಲ್ಲಿ ಮಾತ್ರ. ಮೊದಲ ಗುಂಪಿನಲ್ಲಿ ತಾಯಿತಂದೆ ಮತ್ತು ಮಗು ಇಬ್ಬರ ಬದಲಾವಣೆಗೂ ಪ್ರೋತ್ಸಾಹ. ಎರಡನೆಯದರಲ್ಲಿ ಮಗುವಿನದಕ್ಕೆ ಮಾತ್ರ. ಮೂರನೆಯದರಲ್ಲಿ ತಪ್ಪದೆ ಹಾಜರಾದದ್ದಕ್ಕೆ. ಹತ್ತು ವರ್ಷಗಳ ನಂತರ ಸಿಕ್ಕ ಫಲಿತಾಂಶವನ್ನು 1990ರಲ್ಲಿ ಪ್ರಕಟಿಸಿದರು. ಇರಬೇಕಾದ ತೂಕಕ್ಕಿಂತ ಶೇಕಡಾ ಎಷ್ಟು ಹೆಚ್ಚು ಎಂಬ ಲೆಕ್ಕದಲ್ಲಿ ಮೊದಲ ಗುಂಪಿನ ಮಕ್ಕಳು 7.5ರಷ್ಟು ಇಳಿದಿದ್ದರು, ಎರಡನೆಯವರು 4.5ರಷ್ಟು, ಮೂರನೆಯವರು 14.3ರಷ್ಟು ಏರಿದ್ದರು. ಕಲಿಸಿದ ಪಾಠ ಒಂದೇ ಎಂಬುದನ್ನು ದಯವಿಟ್ಟು ಮರೆಯಬೇಡಿ.

ಇಸ್ರೇಲಿನ ಮೋರಿಯಾ ಗೋಲನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಂದು ಗುಂಪಿನಲ್ಲಿ ಮಕ್ಕಳಿಗೆ ಚಿಕಿತ್ಸಾಲಯಕ್ಕೆ ಬರುವ ತೊಂದರೆಯನ್ನೇ ಕೊಡದೆ ತಾಯಿತಂದೆಯರನ್ನು ಮಾತ್ರ ಕರೆದರು. 1998ರಲ್ಲಿ ಅವರು ಪ್ರಕಟಿಸಿದಂತೆ, ಸ್ವತಃ ಚಿಕಿತ್ಸೆಗೆ ಬಂದ ಮಕ್ಕಳಿಗಿಂತ, ಮನೆಯಲ್ಲೇ ಉಳಿದ ಮಕ್ಕಳ ತೂಕದ ಹೆಚ್ಚಳವೇ ಹೆಚ್ಚು ತಗ್ಗಿತ್ತು!

ಹಸಿವಿನ ನಾಡಿನಲ್ಲಿ ಇದು ಉಳ್ಳವರ ಚಿಂತೆಯಲ್ಲವೇ ಎಂದು ಕೇಳುವವರಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಐದು ವರ್ಷದೊಳಗಿನ ಮಕ್ಕಳಲ್ಲಿ ತೂಕ ಕಡಿಮೆಯಿದ್ದವರು ಶೇಕಡಾ 32.1, ತೂಕ ಮೀರಿದವರು 3.4. ಆದರೆ ಹಿಂದಿನ ಸಮೀಕ್ಷೆಯಲ್ಲಿ ಈ ಎರಡನೆಯ ಅಂಕಿ 2.1 ಆಗಿತ್ತು. ಒಂದು ಸಂಕಟ ಕಳೆಯುವ ಮೊದಲೇ ಇನ್ನೊಂದು ಬಾಗಿಲು ತಟ್ಟಿದೆ.

ಇಂಥ ಕಾರ್ಯಕ್ರಮವನ್ನು ನಮ್ಮಲ್ಲಿ ರೂಪಿಸುವುದಾದರೆ ‘ಕುಟುಂಬ’ ಎಂಬ ಮಾತನ್ನೇ ಮೊದಲು ಬಿಡಿಸಿ ನೋಡಬೇಕು. ಪಿಟ್ಸ್‌ಬರ್ಗಿನ ಕುಟುಂಬವೆಂದರೆ ತಾಯಿ, ತಂದೆ, ಮಗು. ನಮ್ಮಲ್ಲಿ ತಾಯಿತಂದೆ ಕೆಲಸಕ್ಕೆ ಹೋದ ಮೇಲೆ ಎಷ್ಟೋ ಮನೆಗಳಲ್ಲಿ ತುಪ್ಪದ ಮಿಳ್ಳೆ ಇರುವುದು ಅಜ್ಜಿಯ ಕೈಯಲ್ಲಿ. ಚಂದಮಾಮನ ಹೆಸರಿನಲ್ಲಿ ಒಂದು ತುತ್ತು, ಕಾಗಕ್ಕನ ಹೆಸರಿನಲ್ಲಿ ಒಂದು ತುತ್ತು ಎಂದು ಉಣಿಸುವವರು ಅವರು. ಈಗ ಚಂದಮಾಮನ ಜಾಗದಲ್ಲಿ ಮೊಬೈಲು ಬಂದಿದೆ, ಅಷ್ಟೇ. ಹೊಟ್ಟೆ ತುಂಬಿತೆಂದು ಮಗು ಮುಖ ತಿರುಗಿಸಿದರೂ ಬಿಡದ ಆ ಕೊನೆಯ ತುತ್ತು ಹಾಗೆಯೇ ಉಳಿದಿದೆ. ಏನನ್ನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ಹಿರಿಯರ ಹೊಣೆ, ಎಷ್ಟು ತಿನ್ನಬೇಕೆಂಬುದು ಮಗುವಿನದು ಎಂದು ಎಲಿನ್ ಸ್ಯಾಟರ್ ಎಂಬ ಆಹಾರತಜ್ಞೆ ಬಹಳ ಹಿಂದೆಯೇ ಹೇಳಿದ್ದಾರೆ. ಸಣ್ಣ ಮಾತು, ಆದರೆ ನಮ್ಮ ಅಡುಗೆಮನೆಗಳಲ್ಲಿ ಇದೊಂದು ಕ್ರಾಂತಿಯೇ ಸರಿ. ಅಜ್ಜಿಯನ್ನು ಅಪರಾಧಿಯಾಗಿಸಿದರೆ ಯಾವ ಕಾರ್ಯಕ್ರಮವೂ ಒಂದು ವಾರ ಬಾಳದು. ಸೊಪ್ಪಿನ ಹುಳಿ, ಕೋಸಂಬರಿ, ಮೊಳಕೆ ಕಾಳಿನ ಉಸಲಿ, ಅಂದರೆ ಬೇಕಾದ ‘ಹಸಿರು’ ವಿದ್ಯೆಯೆಲ್ಲ ಅವರಲ್ಲಿದೆ. ಸೊಸೆ ತರುವ ಬಿಸ್ಕತ್ತಿನ ಪೊಟ್ಟಣಗಳನ್ನು ಕಂಡು ಅವರೂ ಗೊಣಗಿದವರೇ.

ಪುಟ್ಟ ಮಕ್ಕಳ ತೂಕವನ್ನು ಬಲವಂತವಾಗಿ ಇಳಿಸಬೇಕಾಗಿಯೂ ಇಲ್ಲ. ಅನೇಕರಿಗೆ ತೂಕ ಇದ್ದಲ್ಲಿಯೇ ನಿಂತರೆ ಸಾಕು. ಎತ್ತರ ಬೆಳೆದು ಮೈ ತಾನಾಗಿಯೇ ಸರಿಹೋಗುತ್ತದೆ. ಊಟ ಬಿಡಿಸುವುದು, ಅಣ್ಣನಿಗೆ ಕೊಟ್ಟ ಹೋಳಿಗೆಯನ್ನು ತಮ್ಮನಿಗೆ ಕೊಡದಿರುವುದು ಚಿಕಿತ್ಸೆಯಲ್ಲ, ಅವಮಾನ.

ಇದಕ್ಕೆಲ್ಲ ಸಮಯ ಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರಲ್ಲಿ ಹೊರಡಿಸಿದ ಮಾರ್ಗದರ್ಶಿಯು, ಮೂರರಿಂದ ಹನ್ನೆರಡು ತಿಂಗಳ ಅವಧಿಯಲ್ಲಿ ಕುಟುಂಬದೊಡನೆ 26 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಮುಖಾಮುಖಿ ಕೆಲಸ ಮಾಡಬೇಕೆನ್ನುತ್ತದೆ. ಐದು ನಿಮಿಷಕ್ಕೊಂದು ಮಗುವನ್ನು ನೋಡುವ ನಮ್ಮ ಆಸ್ಪತ್ರೆಗಳಲ್ಲಿ ಅದು ಆಗದ ಮಾತು. ಸಂಜೆ ಖಾಲಿ ಬಿದ್ದಿರುವ ಶಾಲೆಯ ಕೊಠಡಿಯಲ್ಲಿ, ಎಂಟು ಹತ್ತು ಮನೆಯವರು ಕೂಡಿ, ವಾರಕ್ಕೊಮ್ಮೆ ಆದೀತು. ತಕ್ಕಡಿಯನ್ನು ಏರುವುದಾದರೆ ಮೊದಲು ಅಪ್ಪ ಏರಲಿ. ಮಕ್ಕಳು ಆ ಹೊತ್ತಿನಲ್ಲಿ ಹೊರಗಿನ ಮೈದಾನದಲ್ಲಿ ಆಡಿಕೊಂಡಿರಲಿ.