ಪರದೇಶವಾಸವೂ ಪ್ರತಿಭೆಯೂ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ನಾಣ್ಣುಡಿ ನಮ್ಮವರ ಬಾಯಲ್ಲಿ ಬಹು ಹಿಂದಿನಿಂದ ಉಳಿದು ಬಂದಿದೆ. ಕೋಶ ಓದಿದರೆ ಏನು ಲಾಭವೆಂಬುದನ್ನು ಶಾಲೆಯ ಉಪಾಧ್ಯಾಯರು ಹೇಳಿಕೊಡುತ್ತಾರೆ. ದೇಶ ಸುತ್ತಿದರೆ ಬರೆಯುವವನಿಗೆ, ಹಾಡುವವನಿಗೆ, ಹೊಸದೊಂದನ್ನು ಕಟ್ಟುವವನಿಗೆ ಒದಗುವುದೇನು ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಸುತ್ತಿ ಬಂದವನಿಗೆ ಅದು ತಾನಾಗಿಯೇ ತಿಳಿಯುತ್ತದೆಂದು ಭಾವಿಸಿದಂತಿದೆ. ಸುತ್ತಿ ಬಂದವರೆಲ್ಲರಿಗೂ ತಿಳಿಯುವುದಿಲ್ಲವೆಂಬುದು ನಮ್ಮ ಅನುಭವ. ಆದ್ದರಿಂದ ಈ ವಿಷಯವನ್ನು ಕನ್ನಡದ ಕೆಲವು ನಿದರ್ಶನಗಳ ಮೂಲಕ ವಿಚಾರಿಸಿ ನೋಡುವುದು ಅನುಚಿತವಾಗಲಾರದು.

ಕಂದಿಕೆರೆಯಂಥ ಊರಿನಲ್ಲಿ ಇದು ಬರಿಯ ಸಾಹಿತ್ಯದ ಪ್ರಶ್ನೆಯಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕುಗಳೂ ತೆಂಗಿನ ಸೀಮೆ. ತೆಂಗಿನ ಸಸಿ ನೆಟ್ಟವನು ತನ್ನ ಮೊಮ್ಮಕ್ಕಳ ಕಾಲಕ್ಕೆಂದು ನೆಟ್ಟಿರುತ್ತಾನೆ. ತೋಟ ಬಿಟ್ಟು ಏಳುವುದು ಇಲ್ಲಿಯವರ ಸ್ವಭಾವಕ್ಕೆ ಒಗ್ಗಿದ್ದಲ್ಲ. ಈಗ ಆ ಮೊಮ್ಮಕ್ಕಳೇ ಬೆಂಗಳೂರು ದಾಟಿ, ಕಡಲು ದಾಟಿ ಹೋಗಿದ್ದಾರೆ. ಹೋದವರು ಊರಿಗೂ ಭಾಷೆಗೂ ಎರವಾದರೆಂದು ಹಿರಿಯರ ಕೊರಗು. ಇನ್ನೊಂದೆಡೆ, ವಿದೇಶಕ್ಕೆ ಹೋಗಿ ಬಂದವನ ಬುದ್ಧಿ ಅರಳಿಯೇಬಿಡುತ್ತದೆಂಬ, ವಿಮಾನದ ಟಿಕೆಟ್ಟನ್ನೇ ಪ್ರತಿಭೆಯ ಪ್ರಮಾಣಪತ್ರವೆಂದು ತಿಳಿಯುವ ಭ್ರಮೆ. ಈ ಎರಡನ್ನೂ ನಾನು ಪೂರ್ತಿಯಾಗಿ ಒಪ್ಪಲಾರೆ.

ಇದೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರು ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ಸಂಸ್ಕೃತ ಆಲಂಕಾರಿಕರ ವಿಚಾರಗಳನ್ನು ಕನ್ನಡದ ಓದುಗರ ಕೈಗೆ ಎಟುಕಿಸಿದರು. ಕಾವ್ಯ ಹುಟ್ಟುವುದಕ್ಕೆ ಕಾರಣವೇನೆಂಬ ಪ್ರಶ್ನೆಯನ್ನು ಆ ಆಲಂಕಾರಿಕರು ಬಹಳ ಹಿಂದೆಯೇ ಕೈಗೆತ್ತಿಕೊಂಡಿದ್ದರು. ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟ ಮೂರು ಅಂಶಗಳನ್ನು ಹೇಳುತ್ತಾನೆ: ಹುಟ್ಟಿನಿಂದ ಬಂದ ಶಕ್ತಿ, ಲೋಕ, ಶಾಸ್ತ್ರ, ಕಾವ್ಯಗಳನ್ನು ಅವಲೋಕಿಸಿ ಪಡೆದ ನೈಪುಣ್ಯ, ಬಲ್ಲವರ ಬಳಿ ಮಾಡಿದ ಅಭ್ಯಾಸ. ಇವು ಮೂರು ಬೇರೆ ಬೇರೆ ಕಾರಣಗಳಲ್ಲ, ಕೂಡಿದಾಗ ಒಂದೇ ಕಾರಣ ಎಂಬುದು ಅವನ ಸೂಕ್ಷ್ಮ. ಲೋಕವನ್ನು ಶಾಸ್ತ್ರಕ್ಕಿಂತ ಮೊದಲು ಇಟ್ಟಿದ್ದಾನೆಂಬುದನ್ನೂ ಗಮನಿಸಬೇಕು. ಅವನಿಗಿಂತ ಹಿಂದಿನವನಾದ ರಾಜಶೇಖರ, ಕವಿಗೆ ದೇಶವಿಭಾಗದ ಜ್ಞಾನ ಬೇಕೆಂದು ತನ್ನ ಗ್ರಂಥದಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಯಾವ ನಾಡಿನಲ್ಲಿ ಯಾವ ನದಿ, ಯಾವ ಬೆಟ್ಟ, ಯಾವ ಬೆಳೆ ಎಂಬುದರಲ್ಲಿ ಕವಿ ತಪ್ಪಬಾರದಷ್ಟೆ. ಆದರೆ ಇದು ಸರಕು ತುಂಬಿಕೊಳ್ಳುವ ಮಾತಾಯಿತು. ಪರದೇಶವಾಸ ಕವಿಗೆ ಮಾಡುವ ಉಪಕಾರ ಇದಕ್ಕಿಂತ ಹೆಚ್ಚಿನದು.

ಅದಕ್ಕೆ ನಮ್ಮ ನೆಲದಲ್ಲಿಯೇ ಒಂದು ಹಳೆಯ ಸಾಕ್ಷ್ಯವಿದೆ. ಅದೇ ಶತಮಾನದಲ್ಲಿ ಕಾಶ್ಮೀರದ ಕವಿ ಬಿಲ್ಹಣ ಮನೆ ಬಿಟ್ಟು ಹೊರಟು, ಮಥುರೆ, ಕನೌಜು, ಪ್ರಯಾಗ, ಕಾಶಿಗಳನ್ನು ಹಾದು, ಸೋಮನಾಥವನ್ನು ಕಂಡು, ದಕ್ಷಿಣದ ಸೇತುವಿನವರೆಗೆ ಅಲೆದು, ಕೊನೆಗೆ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ನೆಲೆನಿಂತ. ಆ ಕಲ್ಯಾಣವೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅವನ ‘ವಿಕ್ರಮಾಂಕದೇವಚರಿತ’ದ ಹದಿನೇಳು ಸರ್ಗಗಳು ರಾಜನ ವಂಶ, ಯುದ್ಧ, ವಿವಾಹ, ವಿಹಾರಗಳಿಗೆ ಸಂದವು. ಹದಿನೆಂಟನೆಯದರಲ್ಲಿ ರಾಜನನ್ನು ಬದಿಗಿಟ್ಟು ಕವಿ ತನ್ನ ನಾಡಿಗೆ ಮರಳುತ್ತಾನೆ: ಪ್ರವರಪುರ, ವಿತಸ್ತಾ ನದಿ, ಕೇಸರಿಯೂ ದ್ರಾಕ್ಷಿಯೂ ಬೆಳೆಯುವ ತನ್ನ ಹುಟ್ಟೂರು ಖೋನಮುಖ. ರಾಜನ ಅನ್ನ ಉಂಡು, ರಾಜನ ಕಾವ್ಯದೊಳಗೇ ತನ್ನ ಹಳ್ಳಿಗೆ ಜಾಗ ಮಾಡಿಕೊಂಡ ಈ ಧೈರ್ಯ ನನಗೆ ಬಹಳ ಪ್ರಿಯವಾದದ್ದು. ಖೋನಮುಖದಲ್ಲಿಯೇ ಕುಳಿತಿದ್ದರೆ ಅದನ್ನು ವರ್ಣಿಸಬೇಕೆಂಬ ಅಗತ್ಯವೇ ಅವನಿಗೆ ತೋರುತ್ತಿರಲಿಲ್ಲವೆಂದು ನನ್ನ ಊಹೆ.

ಹೊಸಗನ್ನಡಕ್ಕೆ ಬರೋಣ. ಟಿ. ಪಿ. ಕೈಲಾಸಂ ಲಂಡನ್ನಿಗೆ ಹೋದದ್ದು ನಾಟಕ ಕಲಿಯುವುದಕ್ಕಲ್ಲ, ಭೂವಿಜ್ಞಾನ ಕಲಿಯುವುದಕ್ಕೆ. ಕಲ್ಲುಮಣ್ಣುಗಳ ಶಾಸ್ತ್ರದ ಜೊತೆಗೆ ಅಲ್ಲಿನ ನಾಟಕಶಾಲೆಗಳನ್ನೂ ಮ್ಯೂಸಿಕ್ ಹಾಲುಗಳನ್ನೂ ಅವರು ಕಣ್ಣುಕಿವಿಗಳಲ್ಲಿ ತುಂಬಿಕೊಂಡು ಬಂದರು. ಹಿಂದಿರುಗಿದಾಗ ನಮ್ಮ ರಂಗಭೂಮಿಯಲ್ಲಿ ಪುರಾಣದ ರಾಜರೂ ಸಾಲುಸಾಲು ಹಾಡುಗಳೂ ಗ್ರಾಂಥಿಕ ಭಾಷೆಯೂ ಮೆರೆಯುತ್ತಿದ್ದವು. ಕೈಲಾಸಂ ಬರೆದದ್ದೇನು? ಇಂಗ್ಲೆಂಡಿನ ಕತೆಯನ್ನಲ್ಲ. ೧೯೧೮ರ ‘ಟೊಳ್ಳುಗಟ್ಟಿ’ಯಲ್ಲಿ ಕಾಣುವುದು ಹಳೆಯ ಮೈಸೂರಿನ ಮಧ್ಯಮವರ್ಗದ ಒಂದು ನಡುಮನೆ, ಪರೀಕ್ಷೆಯ ಓದಿನಿಂದಲೇ ಮಕ್ಕಳನ್ನು ಅಳೆಯುವ ತಂದೆ, ಒಲೆಯ ಮುಂದಿನ ಮಾತು. ಮನೆಯವರು ದಿನವೂ ಆಡುತ್ತಿದ್ದ, ಇಂಗ್ಲಿಷ್ ಬೆರೆತ ಆ ಕನ್ನಡ ರಂಗವನ್ನು ಏರಬೇಕಾದರೆ ಅದನ್ನು ಹೊರಗಿನವನ ಕಿವಿಯಿಂದ ಒಮ್ಮೆ ಕೇಳಬಲ್ಲವನು ಬೇಕಾಗಿತ್ತು. ‘ಕೋಳಿಕೆ ರಂಗ’ದ ಹಾಡು ಇಂಗ್ಲಿಷ್ ಮ್ಯೂಸಿಕ್ ಹಾಲಿನ ಗೀತೆಯೊಂದರ ಧಾಟಿಯಿಂದ ಹೊರಟದ್ದು, ಹಾಡುವಾಗ ನಮಗೆ ಅದರ ನೆನಪೇ ಆಗುವುದಿಲ್ಲ.

ವಿ. ಕೃ. ಗೋಕಾಕರು ೧೯೩೬ರಲ್ಲಿ ಆಕ್ಸ್‌ಫರ್ಡಿಗೆಂದು ಹಡಗು ಹತ್ತಿದರು. ಆ ಯಾನದ ಫಲ ‘ಸಮುದ್ರಗೀತೆಗಳು’. ಕಡಲನ್ನು ದಡದಿಂದ ನೋಡಿದವರಿಗೆ ಹಳೆಯ ಛಂದಸ್ಸು ಸಾಕಾಗಿದ್ದೀತು. ಅದರ ನಡುವೆ ಹಗಲಿರುಳು ತೂಗಾಡಿದವರಿಗೆ ಸಾಲಿನ ಕಟ್ಟನ್ನೇ ಸಡಿಲಿಸಬೇಕಾಯಿತು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರಂತೂ ಇಳಿವಯಸ್ಸಿನಲ್ಲಿ ಅಮೆರಿಕ ಕಂಡವರು. ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಅವರ ಪುಸ್ತಕದ ಹೆಸರು ‘ಅಮೆರಿಕದಲ್ಲಿ ಗೊರೂರು’. ಹೋದದ್ದು ಲೇಖಕರೋ ಊರೋ ಎಂಬ ಸಂದೇಹವನ್ನು ಆ ಹೆಸರು ಉದ್ದೇಶಪೂರ್ವಕವಾಗಿಯೇ ಉಳಿಸಿದೆ.

ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವ ನಿದರ್ಶನ ಯು. ಆರ್. ಅನಂತಮೂರ್ತಿಯವರದು. ೧೯೬೩ರಲ್ಲಿ ಅವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಸಂಶೋಧನೆಗಾಗಿ ಬರ್ಮಿಂಗ್‌ಹ್ಯಾಮಿಗೆ ಹೋದರು. ಅಲ್ಲಿ ತಮ್ಮ ಮಾರ್ಗದರ್ಶಕರಾಗಿದ್ದ ಕಾದಂಬರಿಕಾರ ಮಾಲ್ಕಮ್ ಬ್ರಾಡ್‌ಬರಿಯವರೊಡನೆ ಸ್ವೀಡನ್ನಿನ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ನೋಡಿದರು. ಪ್ಲೇಗು ಹಬ್ಬಿದ ಮಧ್ಯಯುಗದ ಯುರೋಪು. ಯೋಧನೊಬ್ಬ ಮೃತ್ಯುವಿನೊಡನೆ ಚದುರಂಗವಾಡುವ ಕತೆ. ಸ್ವೀಡಿಷ್ ಮಾತು, ಇಂಗ್ಲಿಷ್ ಅಡಿಬರಹವೂ ಇರಲಿಲ್ಲ. ಅರ್ಧಂಬರ್ಧ ಅರ್ಥವಾದದ್ದೇ ಮನಸ್ಸನ್ನು ಕಲಕಿತೆಂದು ಅವರೇ ಮುಂದೆ ನೆನೆದಿದ್ದಾರೆ. ಯುರೋಪಿನವನು ಮಧ್ಯಯುಗವನ್ನು ಪುಸ್ತಕಗಳಿಂದ ಕಲ್ಪಿಸಿಕೊಳ್ಳಬೇಕು, ಭಾರತೀಯ ಲೇಖಕನಿಗಾದರೋ ಅನೇಕ ಯುಗಗಳು ಏಕಕಾಲದಲ್ಲಿ ಕಣ್ಣೆದುರಿಗೇ ಇವೆ ಎಂಬ ಅರ್ಥದ ಮಾತೊಂದು ಆ ಸಂದರ್ಭದಲ್ಲಿ ಬ್ರಾಡ್‌ಬರಿಯವರಿಂದ ಬಂತು. ‘ಸಂಸ್ಕಾರ’ದ ಬರವಣಿಗೆ ಅಲ್ಲಿಂದ ಹೊರಟಿತು, ೧೯೬೫ರಲ್ಲಿ ಕಾದಂಬರಿ ಪ್ರಕಟವಾಯಿತು.

ಇಲ್ಲಿ ಪರದೇಶ ಕೊಟ್ಟದ್ದೇನು? ತುಂಗೆಯ ದಡದ ಅಗ್ರಹಾರ, ಅನಾಥವಾಗಿ ಬಿದ್ದ ಹೆಣ, ಸಂಸ್ಕಾರ ಮಾಡುವವರಾರೆಂಬ ಜಿಜ್ಞಾಸೆ, ಇವಾವುವೂ ಬರ್ಮಿಂಗ್‌ಹ್ಯಾಮಿನವಲ್ಲ. ಮಲೆನಾಡಿನ ಮೇಳಿಗೆಯಲ್ಲಿ ಹುಟ್ಟಿದ ಲೇಖಕರು ಬಾಲ್ಯದಿಂದ ಹೊತ್ತು ತಿರುಗಿದ ಸಾಮಗ್ರಿ ಅದು. ಅದನ್ನು ಸಾಮಗ್ರಿಯೆಂದು ಗುರುತಿಸಲು ಮಾತ್ರ ಅಷ್ಟು ದೂರ, ಒಬ್ಬ ಪರಕೀಯನ ಒಂದು ಮಾತು, ಅರ್ಥವಾಗದ ಒಂದು ಭಾಷೆ ಬೇಕಾದವು. ಕಾದಂಬರಿಯೊಳಗೂ ಇದೇ ನಡೆಯುತ್ತದೆಂಬುದು ಕುತೂಹಲದ ಸಂಗತಿ. ಪ್ರಾಣೇಶಾಚಾರ್ಯರು ಅಗ್ರಹಾರದಲ್ಲಿ ಇದ್ದಷ್ಟು ಕಾಲ ಗ್ರಂಥಗಳಲ್ಲಿ ಉತ್ತರ ಹುಡುಕುತ್ತಾರೆ, ಸಿಕ್ಕುವುದಿಲ್ಲ. ಊರು ಬಿಟ್ಟು, ಗುರುತು ಮರೆಸಿಕೊಂಡು, ಅಪರಿಚಿತ ಪುಟ್ಟನ ಬೆನ್ನು ಹತ್ತಿ ಮೇಳಿಗೆಯ ತೇರಿನ ಗದ್ದಲದಲ್ಲಿ ನಡೆದಾಗ ತಮ್ಮನ್ನು ತಾವು ನೋಡಿಕೊಳ್ಳುತ್ತಾರೆ. ಅವರಿಗೆ ಅಷ್ಟೇ ದೂರ ಪರದೇಶವಾಯಿತು.

ಮೈಸೂರಿನ ಎ. ಕೆ. ರಾಮಾನುಜನ್ ೧೯೫೯ರಲ್ಲಿ ಅಮೆರಿಕಕ್ಕೆ ಹೋದರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಓದಿನಲ್ಲಿ ಇಂಗ್ಲಿಷ್ ಇದ್ದವರು. ೧೯೬೨ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ತಮಿಳಿನ ವ್ಯಾಕರಣವೊಂದನ್ನು ಹುಡುಕುತ್ತಿದ್ದಾಗ ಅವರ ಕೈಗೆ ಸಿಕ್ಕಿದ್ದು ಉ. ವೇ. ಸ್ವಾಮಿನಾಥ ಅಯ್ಯರ್ ಸಂಪಾದಿಸಿದ ಸಂಘಕಾಲದ ‘ಕುರುಂತೊಗೈ’. ತಾಯಿನುಡಿಯ ಎರಡು ಸಾವಿರ ವರ್ಷದ ಸಂಪತ್ತು ಅವರಿಗೆ ತೆರೆದದ್ದು ಮಧುರೆಯಲ್ಲಲ್ಲ, ಷಿಕಾಗೋದಲ್ಲಿ. ೧೯೬೭ರಲ್ಲಿ ಅದರ ಅನುವಾದಗಳ ಸಂಕಲನ ಬಂತು. ೧೯೭೩ರಲ್ಲಿ ವಚನಗಳ ಅನುವಾದ ‘ಸ್ಪೀಕಿಂಗ್ ಆಫ್ ಶಿವ’. ನಡುವೆ, ೧೯೬೯ರಲ್ಲಿ, ಕನ್ನಡದ ಕವನಸಂಗ್ರಹ ‘ಹೊಕ್ಕುಳಲ್ಲಿ ಹೂವಿಲ್ಲ’. ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ‘ಸಂಸ್ಕಾರ’ವನ್ನು ೧೯೭೬ರಲ್ಲಿ ಇಂಗ್ಲಿಷಿಗೆ ತಂದವರೂ ಇವರೇ. ಆದರೆ ಈ ಲಾಭಕ್ಕೆ ತೆತ್ತ ಬೆಲೆಯೂ ಇದೆ. ೧೯೯೩ರಲ್ಲಿ ಷಿಕಾಗೋದಲ್ಲಿಯೇ ತೀರಿಕೊಂಡ ಆ ಕವಿ, ಕನ್ನಡ ಕೇಳದ ಬೀದಿಗಳಲ್ಲಿ ಮೂರು ದಶಕ ನಡೆದು ಕನ್ನಡ ಬರೆದರು. ಹಿರಿಯರ ಕೊರಗನ್ನು ನಾನು ಹಗುರಾಗಿ ತಳ್ಳಿಹಾಕದಿರುವುದು ಇದರಿಂದಲೇ.

ಹೊರಡುವ ಮೊದಲೇ ಫಲ ಕೊಟ್ಟ ಪ್ರಯಾಣವೂ ಒಂದುಂಟು. ಗಿರೀಶ ಕಾರ್ನಾಡರು ೧೯೬೦ರಲ್ಲಿ ಆಕ್ಸ್‌ಫರ್ಡಿಗೆ ಹೊರಟು ನಿಂತಾಗ, ಹುಡುಗ ಕೈಬಿಟ್ಟುಹೋದಾನೆಂಬ ಆತಂಕ ಮನೆಯಲ್ಲಿತ್ತು. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂದಿದ್ದ ಆ ತರುಣ, ತನಗೇ ಆಶ್ಚರ್ಯವಾಗುವಂತೆ, ಹೊರಡುವ ಮುನ್ನಿನ ದಿನಗಳಲ್ಲಿ ಕನ್ನಡದಲ್ಲಿ ‘ಯಯಾತಿ’ಯನ್ನು ಬರೆದರು. ತಂದೆಯ ಸುಖಕ್ಕಾಗಿ ಮಗ ತನ್ನ ತಾರುಣ್ಯವನ್ನು ಕೊಡಬೇಕೆ ಎಂಬ ಪ್ರಶ್ನೆ ಮಹಾಭಾರತದ್ದು. ಅದು ಆಗ ಕಣ್ಣಿಗೆ ಬಿದ್ದದ್ದು ಪ್ರಯಾಣದ ಸಿದ್ಧತೆಯ ನಡುವೆ. ಕಂದಿಕೆರೆಯ ಎಷ್ಟೋ ಮನೆಗಳಲ್ಲಿ ವೀಸಾ ಬಂದ ದಿನ ಅದೇ ಪ್ರಶ್ನೆ ಮಾತಿಲ್ಲದೆ ಸುಳಿಯುತ್ತದೆ.

ಮನಶ್ಶಾಸ್ತ್ರಜ್ಞರೂ ಇದನ್ನು ಪರೀಕ್ಷಿಸಿದ್ದಾರೆ. ಮ್ಯಾಡಕ್ಸ್ ಮತ್ತು ಗ್ಯಾಲಿನ್‌ಸ್ಕಿ ಎಂಬ ಇಬ್ಬರು ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳ ಮುಂದೆ ಒಂದು ಮೇಣದಬತ್ತಿ, ಬೆಂಕಿಕಡ್ಡಿ, ಒಂದು ಡಬ್ಬಿ ತುಂಬ ಮೊಳೆಗಳು. ಮೇಣ ನೆಲಕ್ಕೆ ತೊಟ್ಟಿಕ್ಕದಂತೆ ಬತ್ತಿಯನ್ನು ಗೋಡೆಗೆ ನಿಲ್ಲಿಸಬೇಕು. ಮೊಳೆಗಳನ್ನು ಸುರಿದು ಖಾಲಿ ಡಬ್ಬಿಯನ್ನೇ ಗೋಡೆಗೆ ಹೊಡೆದರೆ ಅದು ಪೀಠವಾಗುತ್ತದೆ. ಡಬ್ಬಿಯೆಂದರೆ ಮೊಳೆ ಇಡುವುದಕ್ಕೆ ಎಂದು ನಂಬಿದವನಿಗೆ ಇದು ಹೊಳೆಯುವುದಿಲ್ಲ. ಪರದೇಶದಲ್ಲಿ ಹೆಚ್ಚು ಕಾಲ ವಾಸಿಸಿದವರಿಗೆ ಇದು ಹೆಚ್ಚಾಗಿ ಹೊಳೆಯಿತು. ಬರಿಯ ಪ್ರವಾಸ ಮಾಡಿ ಬಂದವರಿಗೆ ಅಂಥ ವಿಶೇಷವೇನೂ ಕಾಣಲಿಲ್ಲ. ಮೊದಲೇ ಚುರುಕಾದವರು ಹೊರದೇಶಕ್ಕೆ ಹೋಗುವುದು ಹೆಚ್ಚೆಂದು ಸಂಶಯಪಡಬಹುದು. ಆದರೂ ವಾಸಕ್ಕೂ ಪ್ರವಾಸಕ್ಕೂ ಇರುವ ಆ ಅಂತರ ನನಗೆ ನಿಜವೆನಿಸುತ್ತದೆ. ಹದಿನೈದು ದಿನದಲ್ಲಿ ಏಳು ದೇಶ ಸುತ್ತಿ ಬಂದು ಹೋಟೆಲು, ರೈಲು, ಚಳಿಗಳ ಪಟ್ಟಿ ಕೊಡುವ ಪ್ರವಾಸಕಥನಗಳು ನಮ್ಮಲ್ಲಿ ಬೇಕಾದಷ್ಟಿವೆ.

ತೆಂಗಿನಲ್ಲಿಯೇ ಇದನ್ನು ನೋಡಬಹುದು. ನಮ್ಮ ಸೀಮೆಯಲ್ಲಿ ಬಲಿತ ಕಾಯನ್ನು ವರ್ಷದ ಹತ್ತಿರ ಹತ್ತಿರ ಅಟ್ಟದ ಮೇಲಿಟ್ಟು, ನೀರು ಒಳಗೇ ಇಂಗಿದ ಮೇಲೆ ಉಂಡೆ ಕೊಬ್ಬರಿ ತೆಗೆಯುತ್ತೇವೆ. ಕೊಬ್ಬರಿಯೆಂದರೆ ಹೀಗೆಯೇ ಎಂಬುದು ನಮ್ಮ ನಂಬಿಕೆ. ಕೇರಳದಲ್ಲಿ ಹಸಿಕಾಯನ್ನೇ ಒಡೆದು ಹೋಳುಗಳನ್ನು ಒಣಗಿಸಿ ಎಣ್ಣೆಗೆ ಕಳಿಸುತ್ತಾರೆ. ಫಿಲಿಪೀನ್ಸಿನಲ್ಲಿ ಆ ನೀರನ್ನೇ ಹುದುಗಿಸಿ ತಿನ್ನುವ ಪದಾರ್ಥ ಮಾಡುತ್ತಾರೆ. ನಾರಿನ ಕಾರ್ಖಾನೆಗಳ ಹಿಂದೆ ಕಸವೆಂದು ಗುಡ್ಡೆ ಬೀಳುತ್ತಿದ್ದ ಪುಡಿ ಈಗ ಹೂವಿನ ಕುಂಡಗಳಿಗೆಂದು ಕಡಲಾಚೆ ಹೋಗುತ್ತಿದೆ. ಅದೇ ಮರ, ಅದೇ ಕಾಯಿ.

ಹಾಗಾದರೆ ಹೊರಗೆ ಹೋಗದವರ ಗತಿಯೇನು? ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಗೂ ‘ಮಲೆಗಳಲ್ಲಿ ಮದುಮಗಳು’ವಿಗೂ ಯಾವ ಹಡಗೂ ಬೇಕಾಗಲಿಲ್ಲ, ಕುಪ್ಪಳಿಯಿಂದ ಮೈಸೂರಿನಷ್ಟು ದೂರ ಸಾಕಾಯಿತು. ಇನ್ನೊಂದು ಮಾತು: ಮೇಲೆ ಹೇಳಿದವರೆಲ್ಲರೂ ಗಂಡಸರು, ಬಹುಮಂದಿ ವಿದ್ಯಾರ್ಥಿವೇತನದ ಬಲದಿಂದ ಹೋದವರು. ಒಂಟಿಯಾಗಿ ಹೊರಡುವ ಸ್ವಾತಂತ್ರ್ಯ ನಮ್ಮ ಹೆಣ್ಣುಮಕ್ಕಳಿಗೆ ತಡವಾಗಿ ಬಂತು. ನೇಮಿಚಂದ್ರರು ಪೆರುವಿನವರೆಗೂ ಹೋಗಿ ಬರೆದರು. ಬೆಂಗಳೂರಿಗೆ ಬಂದು ಸೇರಿದ ಯೆಹೂದಿ ಹುಡುಗಿಯೊಬ್ಬಳ ಕತೆಯಾದ ಅವರ ‘ಯಾದ್ ವಶೇಮ್’, ನಾಜಿಗಳ ಕ್ರೌರ್ಯವನ್ನು ಕನ್ನಡದ ಮನೆಯೊಳಗಿನ ಪ್ರಶ್ನೆಯನ್ನಾಗಿ ಮಾಡಿತು.

ಈಗ ಹೊಸದೊಂದು ಸ್ಥಿತಿ ಬಂದಿದೆ. ಹೋದವರ ಮಕ್ಕಳು ಅಲ್ಲಿಯೇ ಹುಟ್ಟಿದವರು. ಅವರಿಗೆ ಪರದೇಶವೆಂದರೆ ಕಂದಿಕೆರೆ. ರಜೆಗೆ ಅಜ್ಜಿಯ ಮನೆಗೆ ಬಂದಾಗ ಅಂಥ ಮಕ್ಕಳು ಕೇಳುವ ಪ್ರಶ್ನೆಗಳನ್ನು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಅಟ್ಟದ ಕಾಯನ್ನು ಅಜ್ಜಿ ಕಿವಿಯ ಬಳಿ ಹಿಡಿದು ಅಲ್ಲಾಡಿಸುವುದೇಕೆ, ಒಳಗೆ ಗಡಗಡ ಎನ್ನುವುದೇನು, ಹಾಗೆಂದರೆ ಮಾತ್ರ ಒಡೆಯಬೇಕೆಂದು ಹೇಳಿಕೊಟ್ಟವರು ಯಾರು ಎಂದು ಆ ಮಗು ಅರೆಗನ್ನಡದಲ್ಲಿ ಕೇಳುತ್ತದೆ. ನಮ್ಮಲ್ಲಿ ಯಾರೂ ಅದನ್ನು ಬರೆದಿಡಲಿಲ್ಲ. ಅಜ್ಜಿ ಕಾಯನ್ನು ಮಗುವಿನ ಕಿವಿಗೆ ಹಿಡಿಯುತ್ತಾಳೆ.