ನಾಯಿಮರಿಯ ಗುಡಾಣ ಹೊಟ್ಟೆ



ನಮ್ಮ ಕಲಿಕಾ ಕೇಂದ್ರದ ಬಾಗಿಲಲ್ಲಿ ದಿನವೂ ಎರಡು ಮೂರು ನಾಯಿ ಮಲಗಿರುತ್ತವೆ. ನಿಮ್ಮ ಹಿಂದೆಯೇ ಬಂದವು. ಇವತ್ತು ಅವುಗಳ ಮಾತು ಆಡೋಣ.

ಮರಿಯ ಹೊಟ್ಟೆ ಗುಡಾಣದ ಹಾಗೆ ಉಬ್ಬಿದ್ದರೆ ನಾವು ಏನಂತೀವಿ? "ಚೆನ್ನಾಗಿ ಹಾಲು ಕುಡಿದಿದೆ ಬಿಡಿ" ಅಂತೀವಿ. ಬೆನ್ನು ಸವರಿ ನೋಡಿ. ಮೂಳೆ ಕೈಗೆ ಸಿಗುತ್ತದೆ. ಕೂದಲಿಗೆ ಹೊಳಪಿಲ್ಲ. ಹಾಗಿದ್ದರೆ ಹೊಟ್ಟೆಯಲ್ಲಿ ಜಂತುಹುಳು ತುಂಬಿರಬಹುದು.

ಮೊನ್ನೆ ಹುಟ್ಟಿದ ಮರಿಗೆ ಹುಳು ಎಲ್ಲಿಂದ ಬಂತು? ತಾಯಿಯಿಂದ. ಗರ್ಭದಲ್ಲೇ ಮರಿಗೆ ಸೇರುತ್ತದೆ. ಹಾಲಿನಲ್ಲೂ ಬರುತ್ತದೆ. ಅದಕ್ಕೇ 2 ವಾರ ತುಂಬಿದಾಗಲೇ ಔಷಧಿ ಶುರು ಮಾಡಬೇಕು. 4, 6, 8ನೇ ವಾರಕ್ಕೂ ಕೊಡಬೇಕು. ತಾಯಿಗೂ ಜೊತೆಗೇ ಕೊಡಬೇಕು. ಆಮೇಲೆ 6 ತಿಂಗಳವರೆಗೆ ತಿಂಗಳಿಗೊಮ್ಮೆ, ದೊಡ್ಡದಾದ ಮೇಲೆ 3 ತಿಂಗಳಿಗೊಮ್ಮೆ. ಅಳತೆ ನಾಯಿಯ ತೂಕದ ಮೇಲೆ. ಮಕ್ಕಳ ಮಾತ್ರೆ ಮುರಿದು ಅಂದಾಜಿಗೆ ಹಾಕಬೇಡಿ, ಪಶು ಆಸ್ಪತ್ರೆಯಲ್ಲಿ ಕೇಳಿ. ನಾಯಿಗೆ ಅಂತ ಹೋದರೆ ನಗ್ತಾರೆ ಅಂತ ಕೆಲವರಿಗೆ ಸಂಕೋಚ. ನಗಲಿ ಬಿಡಿ. ರಾತ್ರಿ ಹಟ್ಟಿ ಕಾಯೋದು ಅದೇ ನಾಯಿ ತಾನೇ?

ಕೊಕ್ಕೆಹುಳು ಅಂತ ಇನ್ನೊಂದಿದೆ. ರಕ್ತ ಹೀರುತ್ತದೆ. ಮರಿಯ ವಸಡು ಬಿಳಿಚಿದ್ದರೆ, ಮಲ ಕಪ್ಪಾಗಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ. ತಡವಾದರೆ ಮರಿ ಉಳಿಯೋದು ಕಷ್ಟ.

ನಾಯಿಯ ಮಲದಲ್ಲಿ ಹುಳುವಿನ ಮೊಟ್ಟೆ ಇರುತ್ತದೆ. ಕಣ್ಣಿಗೆ ಕಾಣದು. ಜಂತುಹುಳುವಿನ ಮೊಟ್ಟೆ ಬಿದ್ದ ಕೂಡಲೇ ಅಂಟುವುದಿಲ್ಲ. ಮಣ್ಣಿನಲ್ಲಿ 2 ವಾರವಾದರೂ ಬಲಿಯಬೇಕು. ಬಲಿತ ಮೇಲೆ ವರ್ಷಗಟ್ಟಲೆ ಇರುತ್ತದೆ. ಆ ಮಣ್ಣಲ್ಲಿ ಆಡಿದ ಮಗು ಕೈ ಬಾಯಿಗಿಟ್ಟರೆ ಒಳಗೆ ಹೋಯಿತು. ಒಮ್ಮೊಮ್ಮೆ ಮರಿಹುಳು ಕಣ್ಣಿಗೆ ಸೇರಿ ನೋಟ ಕೆಡಿಸುತ್ತದೆ. ಅಂಗಳದ ನಾಯಿಮಲವನ್ನು ದಿನಾ ತೆಗೆದು ಹೂಳಿ. ತರಕಾರಿ ಮಡಿಗೆ ಹಾಕಬೇಡಿ. ನಾಯಿ ಮುಟ್ಟಿದ ಮೇಲೆ ಮಕ್ಕಳ ಕೈಗೆ ಸೋಪು ಹಾಕಿ ತೊಳೆಸಿ.

ಇನ್ನು ಜಾತ್ರೆಯ ವಿಚಾರ. ಕುರಿ ಕೊಯ್ದಾಗ ಈಲಿಯಲ್ಲಿ, ಶ್ವಾಸಕೋಶದಲ್ಲಿ ನೀರು ತುಂಬಿದ ಗುಳ್ಳೆ ಕಂಡರೆ ನಾವು ತಿನ್ನೋದಿಲ್ಲ, ನಾಯಿಗೆ ಎಸೀತೀವಿ. ಇದು ಬಹಳ ಕೆಟ್ಟದ್ದು. ಅದು ಒಂದು ಜಾತಿಯ ಲಾಡಿಹುಳುವಿನ ಗುಳ್ಳೆ. ತಿಂದ ನಾಯಿಯ ಕರುಳಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಹುಳುಗಳಾಗುತ್ತವೆ. ನಾಯಿ ಗಟ್ಟಿಮುಟ್ಟಾಗೇ ಓಡಾಡುತ್ತದೆ. ಅದರ ಮಲದ ಮೊಟ್ಟೆ ನಮ್ಮ ಹೊಟ್ಟೆ ಸೇರಿದರೆ ನಮ್ಮ ಈಲಿಯಲ್ಲೂ ಅಂಥದೇ ಗುಳ್ಳೆ ಬೆಳೆಯುತ್ತದೆ. ವರ್ಷಗಟ್ಟಲೆ ಗೊತ್ತೇ ಆಗೋಲ್ಲ. ಎಷ್ಟೋ ಜನಕ್ಕೆ ಕೊನೆಗೆ ಆಪರೇಷನ್ನೇ ಗತಿ. ಗುಳ್ಳೆಯಿದ್ದ ಮಾಂಸವನ್ನು ಸುಡಿ, ಇಲ್ಲವೇ ನಾಯಿ ಕೆರೆಯದಷ್ಟು ಆಳಕ್ಕೆ ಹೂಳಿ. ಲಾಡಿಹುಳುವಿಗೆ ಮಾತ್ರೆ ಬೇರೆ. "ನಮ್ಮದು ಕುರಿ ಸಾಕೋ ಮನೆ" ಅಂತ ಡಾಕ್ಟರಿಗೆ ಹೇಳಿಯೇ ಕೇಳಿ.

ಔಷಧಿ ಕೊಟ್ಟ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ನಾಯಿಯ ಹೆಸರು ಬರೆಯಿರಿ. ಮಗನನ್ನು ಕರೆಯಬೇಡಿ, ನೀವೇ ಬರೆಯಿರಿ.