ಹೇಳುವ ಮೊದಲು ಕೇಳಿದವರು



ಕ್ರೈಸ್ತರು ತಮ್ಮ ನಂಬಿಕೆಯನ್ನು ಬೇರೆಯವರಿಗೆ ಹೇಳಹೊರಟ ಚರಿತ್ರೆಯನ್ನು ಸಾಮಾನ್ಯವಾಗಿ ತಲೆ ಎಣಿಸುವ ಲೆಕ್ಕದಿಂದ ಶುರುಮಾಡುತ್ತಾರೆ. ಎಷ್ಟು ಜನಕ್ಕೆ ದೀಕ್ಷಾಸ್ನಾನವಾಯಿತು, ಎಷ್ಟು ಸಭೆಗಳು ಹುಟ್ಟಿದವು ಎಂದು. ಇವತ್ತು ನಾನು ಆ ಲೆಕ್ಕಕ್ಕೆ ಹೋಗುವುದಿಲ್ಲ. ಅವರು ಯಾಕೆ ಹೊರಟರು ಎಂಬುದು ನನ್ನ ಪ್ರಶ್ನೆ. ದೇವರನ್ನು ಪ್ರೀತಿಸು, ನೆರೆಯವನನ್ನು ಪ್ರೀತಿಸು, ಇವೆರಡೇ ದೊಡ್ಡ ಆಜ್ಞೆಗಳು ಎಂದು ಯೇಸು ಹೇಳಿದ. ಕ್ರಿಸ್ತನ ಪ್ರೀತಿ ತನ್ನನ್ನು ಸುಮ್ಮನಿರಗೊಡುವುದಿಲ್ಲ ಎಂಬರ್ಥದಲ್ಲಿ ಪೌಲನು ಕೊರಿಂಥದ ಸಭೆಗೆ ಬರೆದ. ಪ್ರೀತಿಯಿಂದಲೇ ಹೊರಟೆವು ಎಂದು ಆಮೇಲಿನವರೆಲ್ಲರೂ ಹೇಳಿಕೊಂಡರು. ಅದನ್ನು ನಂಬುವುದು ಹೇಗೆ? ನನಗೆ ತೋಚುವ ಒರೆಗಲ್ಲು ಇದು: ಹೇಳಲು ಬಂದವನು ಎದುರಿನವನ ಮಾತನ್ನು ಎಷ್ಟು ಕೇಳಿಸಿಕೊಂಡ? ತನ್ನ ಮಾತಿಗೆ ಓಗೊಟ್ಟು ಆ ಎದುರಿನವನು ಮನೆ ಮಠ ಕಳೆದುಕೊಂಡಾಗ ಅವನ ಜೊತೆಗೆ ನಿಂತನೇ?

1834ರ ಅಕ್ಟೋಬರ್ 30ರಂದು ಸಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಜರ್ಮನರು ಮಂಗಳೂರಿಗೆ ಬಂದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೊದಲ ತಂಡ ಇದು. ಅದಕ್ಕೆ ಹಿಂದಿನ ವರ್ಷ, 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನದು ನವೀಕರಣವಾದಾಗ ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆದಿತ್ತು. ಅಲ್ಲಿಯವರೆಗೆ ಕಂಪನಿಗೆ ಬೇಕಿದ್ದದ್ದು ವ್ಯಾಪಾರ. ಧರ್ಮದ ಮಾತೆತ್ತಿ ಜನರನ್ನು ಕೆರಳಿಸುವವರು ಅದಕ್ಕೆ ಬೇಡವಾಗಿದ್ದರು. ವಿಲಿಯಂ ಕೇರಿಯಂಥ ಇಂಗ್ಲಿಷ್ ಮಿಷನರಿಯೇ 1800ರಲ್ಲಿ ಡೇನರ ಕೈಯಲ್ಲಿದ್ದ ಬಂಗಾಳದ ಶ್ರೀರಾಮಪುರದಲ್ಲಿ ಆಸರೆ ಹುಡುಕಬೇಕಾಗಿತ್ತು. ಮಿಷನರಿಗಳು ಸಾಮ್ರಾಜ್ಯದ ಬಾಲ ಹಿಡಿದೇ ಬಂದರು ಎನ್ನುವವರು ಈ ಮೂವತ್ತಮೂರು ವರ್ಷಗಳ ಕಥೆಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಆಮೇಲೆ ಅದೇ ಸಾಮ್ರಾಜ್ಯದ ನೆರಳಲ್ಲಿ ಅವರು ಆರಾಮವಾಗಿ ಕೂತದ್ದೂ ನಿಜವೇ.

ಈ ಮೂವರನ್ನು ಕಳಿಸಿದ ಮನಸ್ಸಿನ ಬೇರು ಇನ್ನೂ ಹಿಂದೆ, ಜರ್ಮನಿಯಲ್ಲಿದೆ. ಸಿದ್ಧಾಂತದ ಜಗಳಗಳಲ್ಲಿ ಸಭೆ ಒಣಗಿಹೋಗಿದೆ, ನಂಬಿಕೆ ಎದೆಯಲ್ಲೂ ಕೈಯಲ್ಲೂ ಕಾಣಬೇಕು ಎಂದು ಸ್ಪೆನರ್ ಎಂಬ ಬೋಧಕ 1675ರಲ್ಲಿ ಒಂದು ಪುಸ್ತಕ ಬರೆದ. ಪಯಟಿಸಂ ಎಂಬ ಭಕ್ತಿ ಚಳವಳಿ ಅಲ್ಲಿಂದ ಬೆಳೆಯಿತು. ಹಾಲೆ ಊರಿನಲ್ಲಿ ಅದೇ ಚಳವಳಿಯ ಫ್ರಾಂಕೆ ಬಡಮಕ್ಕಳ ಶಾಲೆ, ಅನಾಥಾಲಯ ಕಟ್ಟಿದ. ಅಲ್ಲಿ ತಯಾರಾದ ಬಾರ್ತೊಲೊಮೇಯಸ್ ಜೀಗನ್‌ಬಾಲ್ಗ್, ಡೆನ್ಮಾರ್ಕಿನ ದೊರೆ ಕಳಿಸಿದ್ದರಿಂದ 1706ರ ಜುಲೈ 9ರಂದು, ಡೇನರ ಕೈಯಲ್ಲಿದ್ದ ತರಂಗಂಬಾಡಿಗೆ ಬಂದ. ಇಪ್ಪತ್ತನಾಲ್ಕರ ಆಸುಪಾಸಿನ ಹುಡುಗ. ಊರಿನ ಮಕ್ಕಳ ಜೊತೆ ಕೂತು ಮರಳಿನ ಮೇಲೆ ತಮಿಳು ಅಕ್ಷರ ತಿದ್ದಿದ. ಓಲೆಗರಿಗಳನ್ನು ಕೊಂಡು ಓದಿದ. ಡೇನಿಷ್ ಅಧಿಕಾರಿಯ ಎದುರು ಬಡ ವಿಧವೆಯೊಬ್ಬಳ ಪರ ನಿಂತ ಜಗಳ ಬೆಳೆದು ನಾಲ್ಕು ತಿಂಗಳು ಸೆರೆಯಲ್ಲಿದ್ದ. ತಮಿಳು ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ.

ಅವನ ಇನ್ನೊಂದು ಪುಸ್ತಕದ ಕಥೆ ನನಗೆ ಹೆಚ್ಚು ಮುಖ್ಯ. ದಕ್ಷಿಣ ಭಾರತದ ದೇವರುಗಳ ವಂಶಾವಳಿಯನ್ನು, ಗ್ರಾಮದೇವತೆಗಳನ್ನೂ ಸೇರಿಸಿ, ತಾನು ಕೇಳಿ ಓದಿ ತಿಳಿದಂತೆ ಬರೆದು 1713ರಲ್ಲಿ ಹಾಲೆಗೆ ಕಳಿಸಿದ. ಫ್ರಾಂಕೆಗೆ ಸಿಟ್ಟು ಬಂತು. ನಿನ್ನನ್ನು ಕಳಿಸಿದ್ದು ಅಲ್ಲಿಯ ಮೂಢನಂಬಿಕೆ ಕೀಳಲಿಕ್ಕೆ, ಅದನ್ನು ಯುರೋಪಿನಲ್ಲಿ ಬಿತ್ತಲಿಕ್ಕಲ್ಲ ಎಂಬುದು ಅವನ ಧಾಟಿ. ಹಸ್ತಪ್ರತಿ ಅಚ್ಚಾದದ್ದು 1867ರಲ್ಲಿ. ಬರೆದವನು ತೀರಿಹೋಗಿ ಹೆಚ್ಚುಕಡಿಮೆ ಒಂದೂವರೆ ಶತಮಾನವಾಗಿತ್ತು. ಅನಾಥರಿಗಾಗಿ ಜೀವ ತೇಯ್ದ ಫ್ರಾಂಕೆಗೆ ಪ್ರೀತಿ ಇರಲಿಲ್ಲ ಎನ್ನಲು ನನಗೆ ಬಾಯಿ ಬಾರದು. ಆದರೆ ದೂರದಲ್ಲಿ ಕೂತವನಿಗೆ ಕೇಳಿಸಿಕೊಳ್ಳಬೇಕಾದ ಅಗತ್ಯವೇ ಬೀಳುವುದಿಲ್ಲ. ಓಣಿಯಲ್ಲಿ ಬದುಕುವವನಿಗೆ ಬೇರೆ ದಾರಿಯಿಲ್ಲ.

ಇದೇ ಭಕ್ತಿಯ ಇನ್ನೊಂದು ಕವಲು ಹೆರ್ನ್‌ಹುಟ್ ಎಂಬ ಹಳ್ಳಿಯ ಮೊರೇವಿಯನ್ನರು. ಅವರ ಮುಖಂಡ ಕೌಂಟ್ ಜಿನ್ಸೆನ್‌ಡಾರ್ಫ್ 1731ರಲ್ಲಿ ಕೋಪನ್‌ಹೇಗನ್ನಿನಲ್ಲಿ ಕೆರಿಬಿಯನ್ನಿನ ಸೇಂಟ್ ಥಾಮಸ್ ದ್ವೀಪದಿಂದ ಬಂದ ಒಬ್ಬ ಗುಲಾಮನನ್ನು ಕಂಡ. ನನ್ನವರಿಗೆ ಯಾರೂ ಏನೂ ಹೇಳಿಲ್ಲ ಎಂಬ ಅವನ ಅಳಲಿಗೆ ಮರುವರ್ಷ ಇಬ್ಬರು ಹೊರಟರು: ಕುಂಬಾರ ಡೋಬರ್, ಬಡಗಿ ನಿಚ್‌ಮನ್. ಅವರು ತಮ್ಮನ್ನೇ ಗುಲಾಮರಾಗಿ ಮಾರಿಕೊಂಡರು ಎಂಬ ಕಥೆ ಇಂದಿಗೂ ಪ್ರಸಂಗಗಳಲ್ಲಿ ಓಡಾಡುತ್ತದೆ. ಹಾಗೇನೂ ಆಗಲಿಲ್ಲ. ಮಾರಿಕೊಳ್ಳಲೂ ಸಿದ್ಧರಿದ್ದರು, ಅಷ್ಟೆ. ಬಡಗಿಗೆ ಕೆಲಸ ಸಿಕ್ಕಿತು, ಕುಂಬಾರನಿಗೆ ಅಲ್ಲಿಯ ಮಣ್ಣು ಒಗ್ಗಲಿಲ್ಲ. ಮುಂದಿನದು ಇನ್ನೂ ಕಹಿ. ಕೆಲವೇ ವರ್ಷಗಳಲ್ಲಿ ಅದೇ ಮಿಷನ್ ಅಲ್ಲಿ ತೋಟ ಕೊಂಡಿತು, ತೋಟದ ಜೊತೆಗೆ ಗುಲಾಮರನ್ನೂ ಕೊಂಡಿತು. ಗುಲಾಮರ ಮೇಲಿನ ಪ್ರೀತಿಯಿಂದ ಹೊರಟವರು ಗುಲಾಮರ ಒಡೆಯರಾದರು. ಪ್ರಸಂಗ ಮಾಡುವವರು ಈ ಭಾಗವನ್ನು ಹೇಳುವುದಿಲ್ಲ, ಹೇಳಬೇಕು.

ಇನ್ನು ನಮ್ಮ ನಾಡಿಗೆ ಬರೋಣ. ಬಾಸೆಲ್‌ನವರಿಗಿಂತ ಮುಂಚೆ ಮೈಸೂರು ಸೀಮೆಯಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬ್ವಾ ಇದ್ದ. ಇಲ್ಲಿಯವರ ಉಡುಗೆ ಉಟ್ಟ, ಇಲ್ಲಿಯವರ ಊಟ ಉಂಡ, ಬೇಸಾಯದ ಕ್ರೈಸ್ತ ಊರು ಕಟ್ಟಿದ, ಸಿಡುಬಿಗೆ ಲಸಿಕೆ ಹಾಕಿಸಿದ. ಮೂವತ್ತು ವರ್ಷ ಕಳೆದ ಮೇಲೆ, 1823ರಲ್ಲಿ, ಹಿಂದೂಗಳು ಕ್ರೈಸ್ತರಾಗುವ ಮಾತೇ ಇಲ್ಲ ಎಂದು ಪುಸ್ತಕ ಬರೆದು ಊರಿಗೆ ಹೊರಟುಹೋದ. ಇತರ ಮಿಷನರಿಗಳು ಅವನ ಮೇಲೆ ಹರಿಹಾಯ್ದರು. ತಾನು ಕಂಡದ್ದನ್ನು ಮುಚ್ಚಿಡದೆ ಬರೆದ ಆ ಸೋತ ಮನುಷ್ಯನ ಬಗ್ಗೆ ನನಗೆ ಗೌರವವೇ ಇದೆ.

ಬಾಸೆಲ್‌ನವರ ಹೆಬಿಕ್ ಬೇರೆಯೇ ಜಾತಿಯ ಮನುಷ್ಯ. ಉದ್ದ ಗಡ್ಡ, ದೊಡ್ಡ ದನಿ. ಕಣ್ಣೂರಿಗೆ ಹೋಗಿ ನೆಲೆಸಿ, ಜಾತ್ರೆಗಳಲ್ಲಿ ನಿಂತು ದುಭಾಷಿಯ ಮೂಲಕ ಸಾರುತ್ತಿದ್ದ. ಜನ ಮಣ್ಣು, ಕಲ್ಲು ಎಸೆದರು. ಅಂಜಲಿಲ್ಲ. ಅವನ ಧೈರ್ಯ ದೊಡ್ಡದು. ಆದರೆ ದೇವರ ಉತ್ಸವಕ್ಕೆ ಮಕ್ಕಳುಮರಿ ಕಟ್ಟಿಕೊಂಡು ಬಂದವರ ಎದುರು ನಿಂತು ನಿಮ್ಮ ದೇವರು ಸುಳ್ಳು ಎನ್ನುವುದರಲ್ಲಿ ದೇವರ ಮೇಲಿನ ಪ್ರೀತಿ ಎಷ್ಟೇ ಇರಲಿ, ನೆರೆಯವನ ಮೇಲಿನ ಪ್ರೀತಿ ನನಗೆ ಕಾಣುವುದಿಲ್ಲ.

1836ರಲ್ಲಿ ಅದೇ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಬಂದ. ಮೊಗ್ಲಿಂಗನೂ ಮತಪ್ರಚಾರಕ್ಕೇ ಬಂದವನು, ಅದನ್ನು ಎಂದೂ ಮರೆಮಾಚಲಿಲ್ಲ. 1843ರ ಜುಲೈ 1ರಂದು ಅವನು ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಆ ದಿನವನ್ನೇ ನಾವು ಪತ್ರಿಕಾ ದಿನ ಎನ್ನುತ್ತೇವೆ. ಆಮೇಲೆ 1848ರಿಂದ ಕ್ಯಾಸಮೇಜರ್ ಎಂಬ ನಿವೃತ್ತ ಅಧಿಕಾರಿಯ ಹಣದಿಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆ ಹೊರಟಿತು. ಅದರಲ್ಲಿ ಅಚ್ಚಾದದ್ದು ಏನು? ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು. ವಿಠಲನ ಹಾಡುಗಳನ್ನು ಕಲ್ಲಚ್ಚಿನಲ್ಲಿ ಹಾಕಿಸಿದ್ದು ಕ್ರಿಸ್ತನನ್ನು ಸಾರಬಂದ ಒಬ್ಬ ಪಾದ್ರಿ! ಜನರ ಮನಸ್ಸು ತಿಳಿದರೆ ಸಾರುವುದು ಸುಲಭ ಎಂಬ ಲೆಕ್ಕಾಚಾರವೂ ಅದರಲ್ಲಿ ಇತ್ತು. ಆದರೆ ಬರಿಯ ಲೆಕ್ಕಾಚಾರಕ್ಕೆ ಯಾರೂ ಅಷ್ಟು ಓಲೆಗರಿ ಹುಡುಕಿ, ಪಾಠ ನೋಡಿ, ಕಣ್ಣು ಕೆಡಿಸಿಕೊಳ್ಳುವುದಿಲ್ಲ.

1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಕಟ್ಟಿ 1862ರಲ್ಲಿ ‘ಕಥಾಮಾಲೆ’ ಬರೆದ. ಹೇಳುವ ವಿಷಯ ತನ್ನದು, ಹಾಡುವ ದಾರಿ ಕೇಳುವವನದು. ಕೇಶಿರಾಜ, ನಾಗವರ್ಮರ ಗ್ರಂಥಗಳನ್ನು ಸಂಪಾದಿಸಿದ. ಜೊತೆಯ ಮಿಷನರಿಗಳಿಗೆ ಈ ಪಾಂಡಿತ್ಯವೆಲ್ಲ ಅಷ್ಟು ರುಚಿಸಲಿಲ್ಲ. ಆತ್ಮಗಳನ್ನು ಗೆಲ್ಲಬೇಕಾದವನು ಪದಗಳ ಬೆನ್ನು ಹತ್ತಿದ್ದಾನೆ ಎಂಬ ಗೊಣಗಾಟವಿತ್ತು. 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಹೊರಬಂತು. ಕಿಟೆಲ್ ಎಷ್ಟು ಮಂದಿಗೆ ದೀಕ್ಷಾಸ್ನಾನ ಕೊಟ್ಟ ಎಂದು ಇವತ್ತು ಯಾರೂ ಕೇಳುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಸುಖವಾಗಿ ಮುಗಿದೀತು. ಆದರೆ ಸುವಾರ್ತೆ ಕೇಳಿ ಒಪ್ಪಿದವರ ಪಾಡೇನಾಯಿತು? 1844ರ ಜನವರಿಯಲ್ಲಿ ಆನಂದರಾವ್ ಕೌಂಡಿಣ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದಾಗ ಊರೆಲ್ಲ ಗದ್ದಲವೆದ್ದಿತು. ಮೊಗ್ಲಿಂಗ್ ಅವನನ್ನು ಬಾಸೆಲ್‌ಗೆ ಕರೆದೊಯ್ದ. ಅವನು ಅಲ್ಲಿ ಓದಿ, 1851ರಲ್ಲಿ ಮಿಷನರಿಯಾಗಿಯೇ ಹಿಂತಿರುಗಿದ. ಓದಿದವನಿಗೆ ಒಂದು ದಾರಿ ಸಿಕ್ಕಿತು. ಶೇಂದಿ ಇಳಿಸುತ್ತಿದ್ದವನಿಗೆ, ಒಡೆಯನ ಗದ್ದೆಯಲ್ಲಿ ಗೇಣಿ ಮಾಡುತ್ತಿದ್ದವನಿಗೆ? ಹಳೆಯ ಕಸುಬೂ ಹೋಯಿತು, ಕುಲದವರ ಪಂಕ್ತಿಯೂ ಹೋಯಿತು. ಮಿಷನ್ ಮಗ್ಗ ಹಾಕಿತು, ಅಚ್ಚುಕೂಟ ನಡೆಸಿತು, 1865ರಲ್ಲಿ ಪ್ಲೆಬ್‌ಸ್ಟ್ ಎಂಬ ಮಿಷನರಿ ಮಂಗಳೂರಿನ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ಮಂಗಳೂರು ಹಂಚು ಎಷ್ಟೋ ಮನೆಗಳ ಮಾಡು ಏರಿತು. ಅದರ ಹಿಂದೆ ಮನೆಯಿಂದ ಹೊರಬಿದ್ದವರ ಅನ್ನದ ಪ್ರಶ್ನೆ ಇತ್ತು. ಮಿಷನ್ನಿನ ಸಂಬಳ, ಮಿಷನ್ನಿನ ಮನೆ, ಮಿಷನ್ನಿನ ಸಭೆ, ಹೀಗೆ ಒಬ್ಬ ಒಡೆಯನನ್ನು ಬಿಟ್ಟವರಿಗೆ ಇನ್ನೊಬ್ಬ ಒಡೆಯ ಸಿಕ್ಕ ಎಂಬ ಟೀಕೆಯೂ ಸುಳ್ಳಲ್ಲ. ಆದರೂ ಮಾತು ಕೊಟ್ಟು ಕೈಬಿಡಲಿಲ್ಲ ಎಂಬುದನ್ನು ಅವರ ಪರವಾಗಿ ಹೇಳಲೇಬೇಕು. ಮೊದಲ ಮಹಾಯುದ್ಧ ಬಂದಾಗ ಸರ್ಕಾರ ಜರ್ಮನ್ ಮಿಷನರಿಗಳನ್ನು ಸೆರೆಗೆ ಹಾಕಿ, ಊರಿಗೆ ಕಳಿಸಿ, ಕಾರ್ಖಾನೆಗಳನ್ನು ವಶಮಾಡಿಕೊಂಡಿತು. ಸಭೆಗಳನ್ನು ಉಳಿಸಿದವರು ಇಲ್ಲಿಯ ಬೋಧಕರು, ಉಪದೇಶಿಗಳು. ಅವರ ಹೆಸರು ಯಾವ ನಿಘಂಟಿನ ಮುಖಪುಟದಲ್ಲೂ ಇಲ್ಲ.

ಪ್ರೀತಿಯ ಪ್ರಶ್ನೆಯನ್ನು ಮುಖಕ್ಕೆ ಹೊಡೆದ ಹಾಗೆ ಕೇಳಿದವನು ಒಬ್ಬ ಭಾರತೀಯನೇ. 1910ರಲ್ಲಿ ಎಡಿನ್‌ಬರೋದಲ್ಲಿ ಜಗತ್ತಿನ ಮಿಷನ್ನುಗಳ ದೊಡ್ಡ ಸಮ್ಮೇಳನ ನಡೆಯಿತು. ತಿರುನೆಲ್ವೇಲಿ ಸೀಮೆಯ ವಿ. ಎಸ್. ಅಜರಯ್ಯ ಎದ್ದು ನಿಂತು, ನಿಮ್ಮ ತ್ಯಾಗ, ನಿಮ್ಮ ದುಡಿಮೆ ಎಲ್ಲಕ್ಕೂ ನಾವು ಋಣಿಗಳು; ಆದರೆ ನಮಗೆ ಬೇಕಾದದ್ದು ಪ್ರೀತಿ, ಸ್ನೇಹಿತರನ್ನು ಕೊಡಿ ಎಂಬ ಅರ್ಥದ ಮಾತಾಡಿದರು. ಬಡವರಿಗಾಗಿ ಪ್ರಾಣ ಕೊಡಬಲ್ಲ ಮಿಷನರಿ, ಅದೇ ಬಡವನ ಜೊತೆ ಒಂದೇ ಮೇಜಿಗೆ ಕೂತು ಉಣ್ಣಲು ಹಿಂಜರಿಯುತ್ತಿದ್ದ. ಅದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕೆಲವರಿಗೆ ಆ ಮಾತು ಚುಚ್ಚಿತು. ಎರಡು ವರ್ಷದ ಮೇಲೆ ಅಜರಯ್ಯ ತೆಲುಗು ನಾಡಿನ ದೋರ್ನಕಲ್‌ಗೆ ಬಿಷಪ್ ಆದರು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೆ ಬಂದ ಮೊದಲ ಭಾರತೀಯ ಅವರು. ತಮಿಳರಾದ ಅವರು ತೆಲುಗು ಕಲಿತು ದಲಿತ ಕೇರಿಗಳಲ್ಲಿ ಅಲೆದರು.

1930ರ ದಶಕದಲ್ಲಿ ಅವರಿಗೆ ಎದುರಾದವರು ಗಾಂಧೀಜಿ. ಸೇವೆ ಮಾಡಿ, ಬೇಡವೆನ್ನುವುದಿಲ್ಲ, ಆದರೆ ಸೇವೆಯ ಹಿಂದೆ ಮತಾಂತರದ ಉದ್ದೇಶ ಇಟ್ಟುಕೊಳ್ಳಬೇಡಿ. ಹೂವಿನ ಪರಿಮಳದಂತೆ ಬದುಕು ತಾನೇ ಮಾತಾಡಲಿ ಎಂಬುದು ಗಾಂಧಿಯವರ ನಿಲುವು. ತನಗೆ ಬಿಡುಗಡೆ ಕೊಟ್ಟದ್ದನ್ನು, ಶತಮಾನಗಳಿಂದ ಊರಾಚೆ ತಳ್ಳಿಸಿಕೊಂಡವರಿಗೆ ಹೇಳದೆ ಬಾಯಿ ಮುಚ್ಚಿಕೊಳ್ಳುವುದು ಪ್ರೀತಿಯೇ ಎಂಬುದು ಅಜರಯ್ಯನವರ ಕಡೆಯ ವಾದ. ಹಸಿದವನ ಮುಂದೆ ಒಂದು ಕೈಯಲ್ಲಿ ಅನ್ನ, ಇನ್ನೊಂದು ಕೈಯಲ್ಲಿ ಧರ್ಮ ಹಿಡಿಯುವವರನ್ನು ಕುರಿತ ಗಾಂಧಿಯವರ ಸಂಶಯ ನ್ಯಾಯವಾದದ್ದೆಂದು ನಾನು ಒಪ್ಪುತ್ತೇನೆ. ಆದರೆ ಆ ಕೇರಿಯವನು ತಾನಾಗಿ ಯೋಚಿಸಿ ಆಯ್ದುಕೊಳ್ಳಲಾರ ಎಂಬ ಎಣಿಕೆ ಅವರ ಮಾತಿನೊಳಗೆ ಅಡಗಿತ್ತು. ಅದನ್ನು ನಾನು ಒಪ್ಪಲಾರೆ.

ಇಬ್ಬರ ಜಗಳ ಸಂವಿಧಾನ ಸಭೆಯವರೆಗೂ ಬಂತು. ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಇರಬೇಕೇ ಎಂದು 1948ರ ಡಿಸೆಂಬರ್‌ನಲ್ಲಿ ಬಿಸಿಬಿಸಿ ಚರ್ಚೆ ನಡೆದು, ಕೊನೆಗೆ ಅದು 25ನೇ ವಿಧಿಯಲ್ಲಿ ಉಳಿಯಿತು. ಆ ಹಕ್ಕಿನ ಅರ್ಥ ತನ್ನ ಧರ್ಮದ ತತ್ವಗಳನ್ನು ತಿಳಿಸಿ ಹೇಳುವುದು, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ತೀರ್ಪು ಕೊಟ್ಟಿತು. ಅನೇಕ ಕ್ರೈಸ್ತರಿಗೆ ಆ ತೀರ್ಪು ಇಕ್ಕಟ್ಟೆನಿಸಿತು. ದಾಸರ ಪದ ಅಚ್ಚು ಹಾಕಿಸಿದ ಮೊಗ್ಲಿಂಗನಿಗೆ, ಷಟ್ಪದಿಯ ನಾಡಿನಲ್ಲಿ ಕಥಾಮಾಲೆ ಬರೆದ ಕಿಟೆಲ್‌ಗೆ ಅಷ್ಟು ಜಾಗ ಸಾಕಾಗುತ್ತಿತ್ತು ಎಂದೇ ನನ್ನ ಅಂದಾಜು.